ಕವಣೆ ಕಲ್ಲೂ ಹಗಲು ಚಂದ್ರನೂ

ಜೋಳದ ಹೊಲದಲ್ಲಿ ನೀಲವ್ವ ಗಿಳಿ ಓಡಿಸಲು ಕವಣೆ ಬೀಸುತ್ತಿದ್ದಳು. ಕವಣೆಯೊಳಗಿನ ಕಲ್ಲಿಗೋ ಮೈಯೆಲ್ಲ ಉರಿ. ಗಿರಗಿರ ತಿರುಗಿ ತಿರುಗಿ ಅದಕ್ಕೆ ಸಾಕುಸಾಕಾಗಿತ್ತು. ಆಗ ಇಳಿಹೊತ್ತಿನ ಬಾನಿನಲ್ಲಿ ಬಿಳಿಚಿಕೊಂಡ ಚಂದ್ರ ಕಂಡ.

“ಮಾಮ, ನೀನೂ ನನ್ನ ಹಾಗೇ ಸುತ್ತುತ್ತೀಯೆ. ಆದರೆ ನಿನಗೆ ಈ ಹಾಳು ಹಗ್ಗವಿಲ್ಲ. ಪುಣ್ಯವಂತ!” ಎಂದಿತು ಕಲ್ಲು.

“ಇದೆ ಮಗು, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ,” ಎಂದ ಚಂದ್ರ. “ಭೂಮಿ ನನ್ನನ್ನು ಸದಾ ತನ್ನತ್ತ ಎಳೆಯುತ್ತಾಳೆ. ನಾನು ಮುಂದಕ್ಕೆ ಓಡುತ್ತಲೇ ಇರುತ್ತೇನೆ. ನಾನು ನಿಂತರೆ ಅವಳ ಮೇಲೆ ಬಿದ್ದೇನು. ಅವಳು ಬಿಟ್ಟರೆ ನೆಟ್ಟಗೆ ಹೋಗಿ ಎಲ್ಲೋ ಕಳೆದುಹೋದೇನು. ಅವಳ ಎಳೆತ, ನನ್ನ ಓಟ, ಎರಡೂ ಕೂಡಿದ್ದಕ್ಕೇ ಈ ಸುತ್ತು.”

“ನನ್ನನ್ನೊಮ್ಮೆ ಬಿಡಲಿ, ಆಮೇಲೆ ನೋಡು ನನ್ನ ಓಟ!” ಎಂದು ಕಲ್ಲು ಜಂಬ ಕೊಚ್ಚಿತು.

ಅಷ್ಟರಲ್ಲಿ ನೀಲವ್ವ ಹಗ್ಗದ ಒಂದು ತುದಿ ಬಿಟ್ಟಳು. ಕಲ್ಲು ನೆಟ್ಟಗೆ ಹಾರಿತು. ಮೊದಮೊದಲು ಹಿಗ್ಗೋ ಹಿಗ್ಗು. ಆಮೇಲೆ ಸುತ್ತ ನೋಡಿದರೆ ಹಿಡಿಯುವವರಿಲ್ಲ, ಕೇಳುವವರಿಲ್ಲ, ಬರೀ ಬಯಲು.

“ಯಾರಾದರೂ ಹಿಡಿದುಕೊಳ್ಳಿ!” ಎಂದು ಕೂಗಿತು.

ಅದು ಕೂಗುವ ಮೊದಲೇ ಭೂಮಿ ಎಳೆಯತೊಡಗಿದ್ದಳು. ಕಲ್ಲಿನ ದಾರಿ ಮೆಲ್ಲಮೆಲ್ಲನೆ ಬಾಗಿತು. ಅದು ಕೆಳಗಿಳಿದು ಪಕ್ಕದ ಹೊಲದ ಉತ್ತ ಮಣ್ಣಿನಲ್ಲಿ ಹುದುಗಿ ಕೂತಿತು.

“ಬಿದ್ದೆಯಾ ಮಗು?” ಎಂದು ಚಂದ್ರ ಕೇಳಿದ.

ಕಲ್ಲು ಮಣ್ಣಿಗೆ ಇನ್ನಷ್ಟು ಒತ್ತಿಕೊಂಡಿತು.

“ಬೀಳಲಿಲ್ಲ ಮಾಮ. ನಿನ್ನನ್ನು ಹಿಡಿದವಳು ನನ್ನನ್ನೂ ಬಿಡಲಿಲ್ಲ.”