ಸಾರಿಗೆ ಹಾಕುವ ಉಪ್ಪಿನ ಪ್ರವರ

ರಣಧವಳ ಮಹಾರಾಜರು ಅರಮನೆಯಲ್ಲಿ ಮೂಲಿಕೆ ಭಂಡಾರ ಕಟ್ಟಿಸಿದ ಮೇಲೆ ರಾಜ್ಯದಲ್ಲಿ ಮದ್ದು ಸಿಗುವುದು ನಿಂತುಹೋಯಿತು. ಕಾಡಿನ ಬೇರು, ಬಳ್ಳಿ, ತೊಗಟೆಯೆಲ್ಲ ಒಳಗೆ ಹೋಗಿತ್ತು. ಹೊರಗೆ ಏನೂ ಬಂದಿರಲಿಲ್ಲ.

"ಇಂಥ ಭಂಡಾರ ಭೂಮಿಯ ಮೇಲೆ ಇನ್ನೊಂದಿಲ್ಲ" ಎಂದರು ಮಹಾರಾಜರು, ತುಂಬಿದ ಸಭೆಯಲ್ಲಿ. "ಪ್ರತಿಯೊಂದು ವಸ್ತುವಿಗೂ ಕುಲ, ಗೋತ್ರ, ಪ್ರವರ ಗೊತ್ತುಮಾಡಿ ಇಟ್ಟಿದ್ದಾರೆ ನಮ್ಮ ಭವಸ್ವಾಮಿ ಪಂಡಿತರು."

ಪಂಡಿತರು ತಲೆ ಬಾಗಿಸಿದರು. ಜಾಸ್ತಿ ಬಾಗಿಸಲಿಲ್ಲ.

ಬಾಗಿಲ ಬಳಿ ನಿಂತಿದ್ದ ವೈದ್ಯೆ ಕಾಳಬ್ಬೆ ಮುಂದೆ ಬಂದಳು. "ಒಡೆಯಾ, ಕುಂಬಾರಗೇರಿಯಲ್ಲಿ ಮನೆಮನೆಗೂ ಜ್ವರ. ಅಮೃತಬಳ್ಳಿ ಕೇಳಿದರೆ ಭಂಡಾರದಲ್ಲಿ ಕೊಡೋದಿಲ್ಲ."

"ಕೊಡುವುದಿಲ್ಲ ಅಂತಲ್ಲ" ಎಂದರು ಪಂಡಿತರು. "ಅದರ ಪೂರ್ತಿ ಪ್ರವರ ಹೇಳಿ ಕೇಳಬೇಕು. ಈಕೆ ಬರೀ ಹೆಸರು ಹೇಳುತ್ತಾಳೆ."

"ಜ್ವರ ಬಂದವರ ಗೋತ್ರ ಬೇಕಾದರೆ ಹೇಳ್ತೀನಿ."

ಆಸ್ಥಾನದ ಚತುರ ಮಾಚರಸನಿಗೆ ನಗು ಬಂತು. ಅದನ್ನು ಕೆಮ್ಮು ಮಾಡಿಕೊಂಡ.

"ಏನು ಮಾಚರಸ?"

"ಕೆಮ್ಮು ಪ್ರಭು. ಮದ್ದು ಕೇಳೋಣವೆಂದರೆ ಆ ಮದ್ದಿನ ಮುತ್ತಾತನ ಹೆಸರು ಗೊತ್ತಿಲ್ಲ."

ಮಹಾರಾಜರ ಮುಖ ಕೆಂಪಾಯಿತು. "ನಾಳೆ ಸಂಜೆಯೊಳಗೆ ಭಂಡಾರದಲ್ಲಿ ಒಂದು ದೋಷ ತೋರಿಸು. ತೋರಿಸಿದರೆ ಈಕೆಗೆ ಬಳ್ಳಿ. ಇಲ್ಲದಿದ್ದರೆ ಪಂಡಿತರ ಮುಂದೆ ಕೂತು ಅಷ್ಟೂ ಪ್ರವರ ಬಾಯಿಪಾಠ ಮಾಡು. ಮುಗಿಯುವವರೆಗೆ ಸಭೆಗೆ ಕಾಲಿಡಬೇಡ."

ಮಾಚರಸನಿಗೆ ತನ್ನದೇ ಪ್ರವರ ಮಧ್ಯದಲ್ಲಿ ತಪ್ಪುತ್ತಿತ್ತು. ಅವನು ನೆಟ್ಟಗೆ ಪಂಡಿತರ ಹಿಂದೆ ಹೋದ.

"ಪಂಡಿತರೇ, ಉಪ್ಪು ಔಷಧಿ ಹೌದೋ ಅಲ್ಲವೋ?"

"ಪರಮೌಷಧಿ."

"ಮತ್ತೆ ಪಾಪ, ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಪಕ್ಕ ದಿಕ್ಕಿಲ್ಲದೆ ಕೂತಿದೆಯಲ್ಲ?"

ಪಂಡಿತರಿಗೆ ಅಷ್ಟು ಸಾಕಾಯಿತು. ಅಂದೇ ಅರಮನೆಯ ಉಪ್ಪೆಲ್ಲ ಭಂಡಾರ ಸೇರಿ ಗೋತ್ರ ಪಡೆಯಿತು.

ಮರುದಿನ ಮಧ್ಯಾಹ್ನ ಮಹಾರಾಜರು ಸಾರನ್ನದ ಮೊದಲ ತುತ್ತು ಬಾಯಿಗಿಟ್ಟು ಅಡುಗೆಯವನನ್ನು ನೋಡಿದರು.

"ಉಪ್ಪು ಭಂಡಾರದಲ್ಲಿದೆ ಪ್ರಭು. ಕೇಳಲು ಹೋದೆ. ಪ್ರವರ ಬರಲಿಲ್ಲ, ವಾಪಸು ಕಳಿಸಿದರು."

ಮಹಾರಾಜರು ಎಂಜಲು ಕೈಯಲ್ಲೇ ಎದ್ದು ಹೊರಟರು.

"ಪಂಡಿತರೇ, ಒಂದು ಚಿಟಿಕೆ ಉಪ್ಪು."

"ಯಾವ ಕುಲದ್ದು ಪ್ರಭು? ಸಮುದ್ರದ್ದೋ, ಗಣಿಯದ್ದೋ, ಚೌಳುಮಣ್ಣಿನದ್ದೋ?"

"ಸಾರಿಗೆ ಹಾಕುವುದು."

ಪಂಡಿತರು ಕಣ್ಣು ಮುಚ್ಚಿ ಯೋಚಿಸಿದರು. "ಸಾರಿಗೆ ಹಾಕುವುದು ಎಂಬ ಕುಲ ನಮ್ಮಲ್ಲಿಲ್ಲ."

"ಬೆಳ್ಳಗಿರುತ್ತದಲ್ಲ, ಅದು."

"ಪಾಷಾಣವೂ ಬೆಳ್ಳಗಿದೆ. ಕೊಡಲೇ?"

"ಪಂಡಿತರೇ, ನಾನು ಮಹಾರಾಜ."

"ಬಲ್ಲೆ ಪ್ರಭು. ಯಾರಿಗೂ ವಿನಾಯಿತಿ ಇಲ್ಲ ಎಂಬ ಆಜ್ಞೆಗೆ ಮುದ್ರೆ ಒತ್ತಿದವರೂ ತಾವೇ."

ಮಹಾರಾಜರು ತಿರುಗಿದರು. ಕಂಬಕ್ಕೆ ಒರಗಿ ಮಾಚರಸ ನಿಂತಿದ್ದ, ಪಕ್ಕದಲ್ಲಿ ಕಾಳಬ್ಬೆ.

"ಇದೇನೋ ನಿನ್ನ ದೋಷ?"

"ದೋಷ ಹುಡುಕಿದೆ, ಸಿಗಲಿಲ್ಲ ಪ್ರಭು. ಎಲ್ಲವೂ ಇದೆ, ಎಲ್ಲವೂ ತನ್ನ ಜಾಗದಲ್ಲೇ ಇದೆ. ಊಟಕ್ಕೆ ಕೂತಿದ್ದ ತಾವೊಬ್ಬರು ಮಾತ್ರ ಜಾಗ ಬಿಟ್ಟು ಇಲ್ಲಿದ್ದೀರಿ."

ಮಹಾರಾಜರು ಸಿಟ್ಟಾಗಲು ನೋಡಿದರು. ಕೈಯಲ್ಲಿ ಸಾರು ಒಣಗಿತ್ತು. ನಕ್ಕುಬಿಟ್ಟರು.

"ಈಗೇನು, ಇದನ್ನೆಲ್ಲ ಕೆಡವಿಹಾಕಲೇ?"

"ಬೇಡಿ. ಒಳಗೆ ಪ್ರವರ ಇಲ್ಲದಿದ್ದರೆ ಒಂದು ದಿನ ಸಾರಿಗೆ ಪಾಷಾಣ ಬಿದ್ದೀತು. ಪಂಡಿತರು ಒಳಗಿರಲಿ. ಬಾಗಿಲಲ್ಲಿ ಕಾಳಬ್ಬೆ ಕೂರಲಿ. ಬಂದವರನ್ನು 'ಯಾವ ಕುಲದ್ದು ಬೇಕು' ಎಂದು ಕೇಳದೆ 'ಏನಾಗಿದೆ' ಎಂದು ಕೇಳಲಿ. ಅವರ ಊರಲ್ಲಿ ಆ ಗಿಡಕ್ಕೆ ಏನನ್ನುತ್ತಾರೋ ಅದನ್ನೂ ಪಂಡಿತರು ಪ್ರವರಕ್ಕೆ ಸೇರಿಸಿಕೊಳ್ಳಲಿ."

"ಸೇರಿಸಿದರೆ ಪ್ರವರ ಉದ್ದವಾಗುತ್ತದೆ" ಎಂದರು ಪಂಡಿತರು. ಅವರಿಗೆ ಖುಷಿಯಾದಂತಿತ್ತು.

ಅಮೃತಬಳ್ಳಿ ಆಗಲೇ ಕುಂಬಾರಗೇರಿಗೆ ಹೊರಟಿತು. ಮಹಾರಾಜರು ಮಾಚರಸನ ಬೆನ್ನು ತಟ್ಟಿದರು, ಶುದ್ಧವಾಗಿದ್ದ ಕೈಯಿಂದ.

"ನಿನಗೂ ಬಹುಮಾನ ಉಂಟು. ಈ ಭಂಡಾರದಲ್ಲಿ ಏನು ಬೇಕೋ ಕೇಳು."

"ಭಂಡಾರದ್ದು ಬೇಡ ಪ್ರಭು, ಅಡುಗೆಮನೆಯಿಂದ ಕೊಡಿಸಿ. ಅಲ್ಲಿ ಹಸಿವಾಗಿದೆ ಅಂದರೆ ಸಾಕು, ಬಡಿಸುತ್ತಾರೆ."