ಹುಲಿಯನ ಚಿಪ್ಪು

ಒಂದಾನೊಂದು ಕಾಲದಲ್ಲಿ, ಎರಡೂ ಕೈ ಹೊದಿಕೆಯ ಮೇಲಿರಲಿ ಸುಹಾಸಿನಿ, ಕುರಿ ಸಾಕುವ ಚೌಡವ್ವ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ತೋಳ ಬಂದರೆ ಅಟ್ಟುವುದಕ್ಕೆ ಹುಲಿಯ ಅಂತ ಒಂದೇ ಒಂದು ನಾಯಿ.

ಆ ಮನೆಯಲ್ಲಿ ಒಂದು ಪದ್ಧತಿ. ಯಾರೇ ಉಣ್ಣಲಿ, ಕೊನೆಯ ತುತ್ತು ನಾಯಿಗೆ. ಸೊಸೆಯರು ಉಣ್ಣುತ್ತಿದ್ದದ್ದು ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ಹುಲಿಯ ಮೂವರ ಮುಂದೆಯೂ ಮೂರು ದಿನದಿಂದ ಉಪವಾಸವಿದ್ದವನ ಹಾಗೆ ಮುಖ ಮಾಡಿಕೊಂಡು ಕೂರುತ್ತಿತ್ತಂತೆ. ಆಮೇಲೆ ಒಬ್ಬೊಬ್ಬಳೂ, ಅಯ್ಯೋ ಪಾಪ, ಆ ಇಬ್ಬರು ಜಿಪುಣಿಯರು ಏನೂ ಹಾಕಿಲ್ಲ ಅಂದುಕೊಂಡು, ತುತ್ತಿನ ಬದಲು ಇಡೀ ಮುದ್ದೆಯನ್ನೇ ಹಾಕುತ್ತಿದ್ದಳಂತೆ. ಬಾಯಿಬಿಟ್ಟು ಒಂದು ಮಾತು ಕೇಳಬಾರದೇ? ಕೇಳಲಿಲ್ಲ.

ಹುಲಿಯ ಊದಿ ಊದಿ ಜೋಳದ ಮೂಟೆಯಂತಾಯಿತಂತೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಒಂದು ದಿನ ತೋಳ ಬಂದು ಕುರಿಮರಿ ಎತ್ತಿಕೊಂಡು ಹೋದರೆ, ಅದು ಮಲಗಿದಲ್ಲಿಂದಲೇ ಬೊಗಳಿತಂತೆ. ಮಕ್ಕಳಿಗೆ ರೇಗಿತು. ಇದನ್ನು ಹೊಳೆ ದಾಟಿಸಿ ಬಿಟ್ಟು ಬರ್ತೀವಿ ಅವ್ವ ಅಂದರಂತೆ. ಚೌಡವ್ವ ಬಾಗಿಲಿಗೆ ಅಡ್ಡ ನಿಂತಳು. ಉಣ್ಣಿಸಿ ಕೆಡಿಸಿದವರು ನೀವು, ಬೀದಿಪಾಲಾಗೋದು ಅದಾ? ಮೂರು ಅಮಾವಾಸ್ಯೆ ತಡೀರಿ ಅಂದಳಂತೆ.

ಮೊದಲನೆಯ ತಿಂಗಳು, ದಿನಾ ಗುಡ್ಡದ ತನಕ ನಡೆಸಿಕೊಂಡು ಹೋಗಿ ಅಂತ ಮಕ್ಕಳಿಗೆ ಹೇಳಿದಳು. ಅದು ಏದುಸಿರು ಬಿಟ್ಟಿತೆಂದು ನಡುವಿನವನು ಹೆಗಲ ಮೇಲೆ ಹೊತ್ತುಕೊಂಡು ಹೋದನಂತೆ. ಇಳಿದದ್ದು ಅವನ ಮೈ, ನಾಯಿಯದಲ್ಲ.

ಎರಡನೆಯ ತಿಂಗಳು, ಅರ್ಧ ಮುದ್ದೆ ಮಾತ್ರ ಹಾಕಿ ಅಂತ ಸೊಸೆಯರಿಗೆ ಹೇಳಿದಳು. ಮೂವರೂ ಹೂಂ ಅತ್ತೆ ಅಂದು, ಮುದ್ದೆಯನ್ನೇ ಎರಡರಷ್ಟು ದಪ್ಪ ಕಟ್ಟಿದರಂತೆ. ಇಂಥವರಿಗೆ ಏನು ಹೇಳುವುದು?

ಆಮೇಲೆ ಚೌಡವ್ವ ಒಂದು ತೆಂಗಿನ ಚಿಪ್ಪು ತಂದು ತೊಲೆಗೆ ನೇತುಹಾಕಿದಳಂತೆ. ಮೂವರ ಕೊನೆಯ ತುತ್ತೂ ಇದೊಂದಕ್ಕೇ ಬೀಳಬೇಕು, ತುಂಬಿದ ಮೇಲೆ ಅಗುಳೂ ಇಲ್ಲ, ಇಳಿಸಿ ಇಡುವವಳು ನಾನೊಬ್ಬಳೇ ಅಂದಳಂತೆ. ನಡೆಸುವುದಕ್ಕೂ ತಾನೇ ಹೊರಟಳು. ಇವತ್ತು ಬೇವಿನ ಮರದ ತನಕ, ನಾಳೆ ಅದಕ್ಕಿಂತ ಹತ್ತು ಹೆಜ್ಜೆ ಮುಂದೆ.

ನಿಜವಾಗಿ ಕಷ್ಟವಾದದ್ದು ಚೌಡವ್ವನಿಗೇ. ಅವಳು ಉಣ್ಣುವಾಗ ಹುಲಿಯ ಬಂದು ತೊಡೆಯ ಮೇಲೆ ಗದ್ದ ಇಡುತ್ತಿತ್ತಂತೆ. ಅವಳು ಗೋಡೆಯ ಕಡೆ ತಿರುಗಿ, ಕಣ್ಣೀರು ನುಂಗಿಕೊಂಡು ಉಣ್ಣುತ್ತಿದ್ದಳಂತೆ. ನಾಯಿಯ ಮೈ ಸವರಿದರೆ ಪಕ್ಕೆಲುಬು ಕೈಗೆ ಸಿಗುವ ತನಕ ಹಾಗೇ ಉಂಡಳು.

ಮೂರನೆಯ ಅಮಾವಾಸ್ಯೆಗೆ ತೋಳ ಮತ್ತೆ ಬಂತು. ಹುಲಿಯ ಎದ್ದು, ಬೇವಿನ ಮರ ದಾಟಿ, ಗುಡ್ಡದ ನೆತ್ತಿಯ ತನಕ ಅಟ್ಟಿಸಿಕೊಂಡು ಹೋಯಿತಂತೆ. ಮಕ್ಕಳು ಹೊಳೆಯ ಮಾತು ಮತ್ತೆ ಎತ್ತಲಿಲ್ಲ. ಹುಲಿಯ ಮುದಿಯಾಗುವ ತನಕ ಆ ಮನೆಯಲ್ಲೇ ಸುಖವಾಗಿತ್ತು, ಚಿಪ್ಪೂ ತೊಲೆಯಲ್ಲೇ ಇತ್ತು, ಇಲ್ಲಿಗೆ ನನ್ನ ಕತೆಯೂ ಆಯಿತು.

ಈಗ ಹೊದಿಕೆಯೊಳಗಿನ ಆ ರಸ್ಕ್ ಇಲ್ಲಿ ಕೊಡು.

ಅಜ್ಜಿ, ಬ್ರೂನೋ ಮಂಚದ ಕೆಳಗಿಂದ ಬಾಲ ಅಲ್ಲಾಡಿಸ್ತಾ ನೋಡ್ತಾ ಇದಾನೆ.

ನೋಡಲಿ. ನೀನು ಗೋಡೆ ಕಡೆ ತಿರುಗಿ ಮಲಗು.