ಅರ್ಧ ಗಳಿಗೆಯ ಹೊನ್ನಹಾಳು

ಸಿರಿಗಾವಿಯ ಅರಸ ಮಾರನಾಯಕನ ಆಸ್ಥಾನಕ್ಕೆ ಹೊಸದಾಗಿ ಒಬ್ಬ ಯೋಗಿ ಬಂದು ಸೇರಿದ್ದ. ಹೆಸರು ಗಗನಾನಂದ. ದಿನಕ್ಕೆ ನಾಲ್ಕು ಸಲ ಊಟ, ಬಿಡುವಾದಾಗ ತಪಸ್ಸು.

ಒಂದು ಬೆಳಿಗ್ಗೆ ತುಂಬಿದ ಸಭೆಯಲ್ಲಿ ಅವನು ಗಡ್ಡ ನೀವಿಕೊಳ್ಳುತ್ತಾ ಹೇಳಿದ: "ಮಹಾರಾಜ, ಇಲ್ಲಿಂದ ತಮ್ಮ ಮಾವನವರ ಊರು ಹೊನ್ನಹಾಳಿಗೆ ನೆಲದ ಮೇಲೆ ಇಪ್ಪತ್ತು ಗಾವುದ. ಆಕಾಶಮಾರ್ಗದಲ್ಲಿ ಹನ್ನೆರಡೇ. ಹಾರಿದರೆ ಅರ್ಧ ಗಳಿಗೆ. ಈಗಷ್ಟೇ ಹೋಗಿ ಬಂದೆ. ಮಾವನವರು ಸೌಖ್ಯ."

ಸಭೆ ತಲೆದೂಗಿತು. ಅರಸ ತಲೆದೂಗಿದ ಮೇಲೆ ತೂಗದೆ ಇರುತ್ತದೆಯೇ?

ಪಾಪ, ಅದೇ ಹೊತ್ತಿಗೆ ಓಲೆಕಾರ ಬೋರಯ್ಯ ಕುಂಟುತ್ತಾ ಒಳಗೆ ಬಂದ. ಹೊನ್ನಹಾಳಿನಿಂದಲೇ ಓಲೆ ತಂದಿದ್ದ. ದಾರಿಯಲ್ಲಿ ಎರಡು ಹೊಳೆ ಈಜಿದ್ದ, ಕಾಲು ಬಾತುಕೊಂಡಿತ್ತು.

"ಎಷ್ಟು ದಿನ ಹಿಡಿಯಿತು?" ಅರಸ ಕೇಳಿದ.

"ಎಂಟು, ಬುದ್ಧೀ."

"ಎಂಟು ದಿನವೇ? ಯೋಗಿಗಳಿಗೆ ಅರ್ಧ ಗಳಿಗೆ ಸಾಕು! ಸೋಮಾರಿ! ಹೆಂಡತಿ ಮಕ್ಕಳನ್ನು ಕರೆದುಕೊಂಡು ಇವತ್ತೇ ರಾಜ್ಯ ಬಿಡು."

ಆಗ ಆಸ್ಥಾನದ ಜಾಣ ಬೊಪ್ಪಯ್ಯ ಎದ್ದು ಕೈಮುಗಿದ.

"ಪ್ರಭು, ಎರಡು ದಿನ ತಡೆಯಿರಿ. ಇವನು ಯೋಗಿಗಳ ಬಳಿ ಕೂತು ಹಾರುವುದನ್ನು ಕಲಿಯಲಿ. ಇನ್ನೊಂದು ಮಾತು. ಇಂಥ ಮಹಾತ್ಮರಿಗೆ ನಮ್ಮ ಸಪ್ಪೆ ಸಾರು ಬಡಿಸುವುದೇ? ಹೊನ್ನಹಾಳಿನ ತಮ್ಮ ಅತ್ತೆಯವರ ಮನೆಯ ಹೋಳಿಗೆ ಹೆಸರಾದದ್ದು. ಇವತ್ತಿನಿಂದ ಇವರ ಊಟ ಅಲ್ಲೇ ಆಗಲಿ. ಹಾರಿದರು, ಉಂಡರು, ಬಂದರು!"

"ಭೇಷ್! ಹಾಗೇ ಆಗಲಿ," ಎಂದ ಅರಸ.

ಯೋಗಿ ಕೆಮ್ಮಿದ. "ಅದು... ನನ್ನ ಶರೀರ ಇಲ್ಲೇ ಇರುತ್ತದೆ. ಹಾರುವುದು ಆತ್ಮ ಮಾತ್ರ."

"ಇನ್ನೂ ಒಳ್ಳೆಯದಾಯಿತು," ಎಂದ ಬೊಪ್ಪಯ್ಯ. "ಎಲೆ ಎತ್ತುವ ಕೆಲಸವೂ ಉಳಿಯಿತು."

ಮಧ್ಯಾಹ್ನ ಯೋಗಿ ಅಡುಗೆಮನೆಯ ಬಾಗಿಲಿಗೆ ಬಂದ. ಅಡುಗೆಯವನು ಭಕ್ತಿಯಿಂದ ಅಡ್ಡಬಿದ್ದು, "ತಮ್ಮ ಎಲೆ ಹೊನ್ನಹಾಳಿನಲ್ಲಿ ಹಾಕಿದೆ, ಸ್ವಾಮಿ," ಎಂದ. ಸಂಜೆಯೂ ಅದೇ ಭಕ್ತಿ. ಮರುದಿನ ಊರಿನವರೂ ಭಕ್ತರಾದರು. ಯಾರ ಮನೆಯಲ್ಲೂ ಒಂದು ತುತ್ತು ಹುಟ್ಟಲಿಲ್ಲ.

ಮೂರನೆಯ ಬೆಳಿಗ್ಗೆ ಬೊಪ್ಪಯ್ಯ, "ಓಲೆಕಾರನ ಪಾಠ ಎಲ್ಲಿಗೆ ಬಂತೋ ನೋಡೋಣ," ಎಂದು ಅರಸನನ್ನು ಯೋಗಿಯ ಕುಟೀರಕ್ಕೆ ಕರೆದೊಯ್ದ. ಒಳಗಿನಿಂದ ಮಾತು ಕೇಳಿಸುತ್ತಿತ್ತು.

"ಅರ್ಧ ರೊಟ್ಟಿ ಕೊಡೋ ಬೋರಯ್ಯ, ನಿನ್ನ ದಮ್ಮಯ್ಯ!"

"ಇದೇನು ಸ್ವಾಮಿ, ಹೊನ್ನಹಾಳಿನಲ್ಲಿ ಹೋಳಿಗೆ ಕಾದಿದೆಯಲ್ಲ?"

"ಅಲ್ಲೀತನಕ ಎಂಟು ದಿನ ಯಾರು ನಡೀತಾರೋ!"

ಅರಸನ ಮುಖ ಕೆಂಪಾಯಿತು. "ಬೊಪ್ಪಯ್ಯ, ಇವನು ಹಾರುತ್ತಾನೆ ಅಂದನಲ್ಲ?"

"ಹಾರುತ್ತಾರೆ ಪ್ರಭು, ಹೊಟ್ಟೆ ತುಂಬಿದ್ದಾಗ. ಹಸಿದವರಿಗೆ ಮಾತ್ರ ಅದು ಎಂಟು ದಿನದ ದಾರಿ."

ಅರಸ ಯೋಗಿಗೆ ಒಂದು ಊಟ ಹಾಕಿಸಿ, "ಇನ್ನು ಹಾರು," ಎಂದ. ಯೋಗಿ ನಡೆದೇ ಹೋದ, ಬಹಳ ಬೇಗ ಬೇಗ. ಬೋರಯ್ಯನಿಗೆ ಕೆಲಸ ಉಳಿಯಿತು, ಜೊತೆಗೊಂದು ಕುದುರೆಯೂ ಸಿಕ್ಕಿತು.

ಆದರೂ ಅರಸನಿಗೆ ಒಳಗೊಳಗೇ ಚುಚ್ಚುತ್ತಿತ್ತು. "ಅಲ್ಲಯ್ಯ, ಇವನು ಸುಳ್ಳ ಅಂತ ನಿನಗೆ ಮೊದಲೇ ಗೊತ್ತಿತ್ತು. ಅವತ್ತೇ ಸಭೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ ಪ್ರಭು? ಅವತ್ತು ತಾವೂ ಅವನ ಜೊತೆ ಹಾರುತ್ತಿದ್ದಿರಿ. ತಾವು ಕೆಳಗೆ ಇಳಿಯಲಿ ಅಂತ ಕಾದೆ."

ಅರಸ ಒಂದು ಕ್ಷಣ ಬೊಪ್ಪಯ್ಯನನ್ನೇ ದುರುಗುಟ್ಟಿ ನೋಡಿ, ಕೊರಳ ಹಾರ ತೆಗೆದು ಅವನ ಕೈಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕ.